ಮಾವಶಿ ಮತ್ತು ಮೈಕಿನ ಗುಂಯ್

ಈ ಬೆಳಿಗ್ಗೆ ಮೊಮ್ಮಗಳ ಗಿಟಾರಿನ ಸ್ಪೀಕರ್ ಗುಂಯ್ ಎಂದದ್ದೇ ತಡ, ನಾನು ಸಂಸ್ಥಾನದ ಕಾಲದ ಮಿರಜಿಗೆ ಹೋಗಿಬಿಟ್ಟೆ.

ಅವ್ವನ ತಂಗಿ, ನನ್ನ ಮಾವಶಿ, ಅಂದು ನಮ್ಮ ಮನೆಯ ಸಂಗೀತ ಕೂಟದಲ್ಲಿ ಮೊದಲ ಸಲ ಮೈಕಿನ ಮುಂದೆ ಹಾಡಲು ಕುಳಿತಿದ್ದಳು. ಗಂಡಸರು ಮುಂದೆ, ಹೆಂಗಸರು ಗೋಡೆಯಾಚೆ ಹಿಂದಿನ ಪಡಸಾಲೆಯಲ್ಲಿ; ಅವರಿಗೂ ಕೇಳಲೆಂದು ಸಾಂಗಲಿಯಿಂದ ಲೌಡ್‌ಸ್ಪೀಕರ್ ತರಿಸಿದ್ದರು. ಅದು ಬರೀ ಗುಂಯ್ ಎನ್ನುತ್ತಿತ್ತು.

ತಂಬೂರಿ ಮಾಡುವ ಊರಲ್ಲವೇ ನಮ್ಮದು? ಎಲ್ಲರೂ ಅವಳ ತಂಬೂರಿಯ ಮೇಲೇ ತಪ್ಪು ಹೊರಿಸಿದರು. ಒಬ್ಬರು ಬಿರಡೆ ತಿರುವಿದರು, ಇನ್ನೊಬ್ಬರು ನಾದ ತಿದ್ದಲು ತಂತಿಯಡಿಯ ದಾರ ಸರಿಸಿದರು.

"ಮೈಕ್ ತಗೀರಿ, ಹಂಗ ಹಾಡ್ಲಿ," ಎಂದರು ಅಪ್ಪನ ತಮ್ಮ, ನನ್ನ ಕಾಕಾ.

"ಹಿಂದ ಕುಂತಾವ್ರು ಗ್ವಾಡಿ ನೋಡ್ಕೋತ ಕುಂದ್ರಬೇಕೇನ್ರಿ?" ಎನ್ನುತ್ತ ಮಾವಶಿ ತಂತಿಗಳ ಮೇಲೆ ಅಂಗೈ ಇಟ್ಟಳು. ತಂಬೂರಿ ಸುಮ್ಮನಾಯಿತು, ಗುಂಯ್ ನಿಲ್ಲಲಿಲ್ಲ! ಎದ್ದವಳೇ ಮೈಕಿನ ವಾಯರ್ ಹಿಡಿದು ನಡೆದಳು. ಚೆಂದ ಕಾಣಲೆಂದು ಯಾರೋ ಅದನ್ನು ದೀಪದ ಕರೆಂಟಿನ ವಾಯರಿಗೆ ಒತ್ತಾಗಿ ತಾಗಿಸಿಟ್ಟು, ಉದ್ದಕ್ಕೂ ಮಲ್ಲಿಗೆ ಮಾಲೆ ಸುತ್ತಿದ್ದರು. ಮಾಲೆ ಹರಿದು ಎರಡನ್ನೂ ದೂರ ಸರಿಸಿದಳು. ಗುಂಯ್ ಅಡಗಿತು. ಅವಳ ಮೊದಲ ಷಡ್ಜಕ್ಕೇ ಹಿಂದಿನ ಪಡಸಾಲೆಯಿಂದ "ವಾಹ್ವಾ!" ಬಂತು. ಹೆಂಗಸರ ದನಿಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಮೊಮ್ಮಗಳ ಗಿಟಾರಿನ ವಾಯರೂ ಕರೆಂಟಿನ ವಾಯರಿಗೆ ಸುತ್ತಿಕೊಂಡಿತ್ತು. ಬಿಡಿಸಿದೆ.

"ಈಗ ಬಾರ್ಸವಾ," ಎಂದೆ, "ಹಿಂದ ಕುಂತಾವ್ರಿಗೂ ಕೇಳ್ಲಿ."