ನಾಲ್ಕನೆಯ ಸಾಲು ತಪ್ಪುವ ಮಗ್ಗಿ

ಒಂದು ಕೆಜಿ ಹಿತಕಿದ ಬೇಳೆಯನ್ನು ವಾರಕ್ಕಾಗುವಂತೆ ಏಳು ಪಾಲು ಮಾಡಿ ಫ್ರೀಜರಿನಲ್ಲಿಡೋಣವೆಂದು ಮೊಬೈಲಿನಲ್ಲಿ ಭಾಗಿಸಿದೆ. ಪಾಲಿಗೆ 142.857 ಗ್ರಾಂ. ಬೆರಳಲ್ಲಿ ಅವರೆಯ ಸೊಗಡು, ಎದುರಿಗೆ ಆ ಸಂಖ್ಯೆ, ಕೈ ನಿಂತೇಹೋಯಿತು. ಗಾಂಧಿ ಬಜಾರಿನಲ್ಲಿ ಈಗ ಹಿತಕಿದ್ದೇ ಸಿಗುತ್ತದೆ. ಆದರೂ ಹಟಕ್ಕೆ ಬಿದ್ದು ನಾನೇ ಹಿತಕಿ ಸೊಂಟ ಹಿಡಿಸಿಕೊಂಡವನು ನಾನು.

ಬೇಳೆ ಹಿತಕುವುದು ಎಂಥ ಕೆಲಸವೆಂದು ನಿಮಗೂ ಗೊತ್ತಿರಬೇಕು. ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಒತ್ತಿ ಸಿಪ್ಪೆ ಬಿಡಿಸುತ್ತಿದ್ದರೂ ಪಾತ್ರೆ ತುಂಬುವುದಿಲ್ಲ. ತೊಂಬತ್ತರ ದಶಕದ ಚಳಿಗಾಲದ ಸಂಜೆಗಳಲ್ಲಿ, ಶಂಕರಪುರದ ದೊಡ್ಡಮ್ಮನ ಮನೆಯಲ್ಲಿ, ಮಕ್ಕಳೆಲ್ಲ ಬೇಸಿನ್ ಸುತ್ತ ಕೂರುತ್ತಿದ್ದೆವು. ದೊಡ್ಡಮ್ಮ ಚಾಮರಾಜಪೇಟೆಯ ಹೈಸ್ಕೂಲೊಂದರಲ್ಲಿ ಗಣಿತದ ಮೇಡಂ. ನಾವು ತೂಕಡಿಸದಿರಲೆಂದು ಮಗ್ಗಿ ಹೇಳಿಸುತ್ತಿದ್ದರು. ಹದಿನೇಳರದ್ದಲ್ಲ, 142857ರ ಮಗ್ಗಿ.

ಹೆದರಬೇಡಿ, ನನ್ನಂಥ ದಡ್ಡನಿಗೂ ಬರುವಷ್ಟು ಸುಲಭ. ಎರಡರಿಂದ ಗುಣಿಸಿದರೆ 285714, ಮೂರರಿಂದ 428571. ಆರರವರೆಗೂ ಅವೇ ಆರು ಅಂಕಿಗಳು ಅದೇ ಸರದಿಯಲ್ಲಿ ಸುತ್ತು ಹಾಕುತ್ತವೆ. "ಕೊನೇ ಅಂಕಿ ಹಿಡ್ಕೊಳ್ರೋ, ಮಿಕ್ಕಿದ್ದು ತಾನೇ ಬರತ್ತೆ. ಏಳ್ನಾಲ್ಕ್ಲ ಇಪ್ಪತ್ತೆಂಟು, ಹಾಗಾಗಿ ನಾಲ್ಕನೇದು ಎಂಟಕ್ಕೇ ಮುಗೀಬೇಕು" ಎನ್ನುತ್ತಿದ್ದರು. ನಾನು ಆ ನಾಲ್ಕನೆಯದರಲ್ಲೇ ಎಡವುತ್ತಿದ್ದೆ. 571428 ಎನ್ನುವ ಬದಲು 571482. ಆಗ ದೊಡ್ಡಮ್ಮ ನನ್ನ ಮೊಣಕಾಲಿಗೆ ಬೆರಳಗೆಣ್ಣಿನಿಂದ ಟಕ್ಕೆಂದು ಒಂದು ಕೊಡುತ್ತಿದ್ದರು.

ಏಳರಿಂದ ಗುಣಿಸಿದರೆ ಮಾತ್ರ 999999. "ನೋಡಿದ್ರಾ, ಇಷ್ಟು ಹೊತ್ತು ಜಾಗ ಬದಲಾಯಿಸ್ಕೊಂಡು ಕೂತಿದ್ರು. ಏಳಕ್ಕೆ ಬರೋಷ್ಟ್ರಲ್ಲಿ ಅವರಲ್ಲಿ ಒಬ್ರೂ ಇಲ್ಲ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು.

ನಿವೃತ್ತರಾದ ಕೆಲವು ವರ್ಷಕ್ಕೆ ದೊಡ್ಡಮ್ಮನಿಗೆ ಲಕ್ವ ಹೊಡೆಯಿತು. ಬಲಗೈಯ ಜೊತೆ ಮಾತೂ ಹೋಯಿತು. ಬಂದವರೆಲ್ಲ ಕಿವುಡರೊಡನೆ ಮಾತಾಡುವಂತೆ, "ಯಾರು ಬಂದಿದೀವಿ ಗೊತ್ತಾಯ್ತಾ?" ಎಂದು ಕೂಗುವರು. ದೊಡ್ಡಮ್ಮ ಎಲ್ಲೋ ನೋಡುವರು. ಅವರನ್ನು ನೋಡಿಕೊಳ್ಳುತ್ತಿದ್ದ ಮಗಳು, ನನಗೆ ಅಕ್ಕ, ದಣಿದ ದನಿಯಲ್ಲಿ, "ಅಮ್ಮಂಗೆ ಏನೂ ತಿಳಿಯಲ್ಲ ಕಣೋ" ಎಂದಳು.

ದೊಡ್ಡಮ್ಮ ಒಳಗಿದ್ದಾರೋ ಇಲ್ಲವೋ, ನನಗೆ ಅದೊಂದು ಗೊತ್ತಾಗಬೇಕಿತ್ತು. ಮಂಚದ ಅಂಚಿನಲ್ಲಿ ಕೂತು ಮಗ್ಗಿ ಶುರುಮಾಡಿದೆ. ನಾಲ್ಕನೆಯದನ್ನು ಬೇಕೆಂದೇ ತಪ್ಪು ಹೇಳಿದೆ. ಹೊದಿಕೆಯ ಮೇಲಿದ್ದ ಎಡಗೈ ಮೆಲ್ಲಗೆ ಸರಿದು ಬಂದು ನನ್ನ ಮೊಣಕಾಲಿಗೆ ಟಕ್ಕೆಂದಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ ಅತ್ತಳು. ಅಮ್ಮನಿಗೆ ತಿಳಿಯುವುದಿಲ್ಲ ಎಂಬ ಮಾತನ್ನು ಅವಳು ಮತ್ತೆ ಆಡಲಿಲ್ಲ.

ಆಮೇಲೆ ಹೋದಾಗಲೆಲ್ಲ ತಪ್ಪು ಹೇಳಿ ಪೆಟ್ಟು ತಿಂದು ಬರುತ್ತಿದ್ದೆ. ಬರಬರುತ್ತ ಪೆಟ್ಟು ತಡವಾಗತೊಡಗಿತು. ಒಂದು ಅವರೆಕಾಯಿ ಕಾಲದಲ್ಲಿ ತಪ್ಪು ಹೇಳಿ ಕಾದೆ. ಮತ್ತೊಮ್ಮೆ ಹೇಳಿದೆ. ಕೈ ಹೊದಿಕೆಯ ಮೇಲೇ ಇತ್ತು. ಉಸಿರಾಟವೇನೋ ನಡೆದಿತ್ತು. ಅಕ್ಕ ನನ್ನ ಮುಖ ನೋಡಿದಳು. ನಾನು ಐದಕ್ಕೆ ಮುಂದುವರಿಯಲಿಲ್ಲ. ಬೇರೆಯವರ ಪಾಲಿಗೆ ದೊಡ್ಡಮ್ಮ ತೀರಿಕೊಂಡದ್ದು ಬೇಸಿಗೆಯಲ್ಲಿ. ನಮ್ಮಿಬ್ಬರ ಪಾಲಿಗೆ ಅವತ್ತೇ.

ಇವತ್ತು ಆ ಬೇಳೆಯನ್ನು ಪಾಲು ಮಾಡದೆ ಒಂದೇ ಪಾತ್ರೆಗೆ ಸುರಿದು ಅಕ್ಕನಿಗೆ ಫೋನ್ ಮಾಡಿದೆ. ಹಿತಕಿದ ಬೇಳೆ ಸಾರು ಉಣ್ಣಲು ಕರೆಯಬೇಕೆಂದಿದ್ದೆ, ಬಾಯಿಗೆ ಬಂದದ್ದು ಮಗ್ಗಿ. "ಐದು ಏಳು ಒಂದು ನಾಲ್ಕು ಎಂಟು ಎರಡು" ಎಂದೆ. ಫೋನ್ ಕಟ್ಟಾಯಿತೇನೋ ಎಂದುಕೊಳ್ಳುವಷ್ಟರಲ್ಲಿ, ಆ ಕಡೆ ಗೆಣ್ಣಿನಿಂದ ಮೇಜನ್ನು ಒಮ್ಮೆ ತಟ್ಟಿದ್ದು ಕೇಳಿಸಿತು.