ಹದಿನಾಲ್ಕನೇ ಬೇಡಿಕೆ

ಮಂಡಿಪೇಟೆಯ ಮೆಕ್ಕೆಜೋಳದ ಸಾವ್ಕಾರರಿಗೆ ದಾಸ್ತಾನಿನ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಯಾವ ಬೇಡಿಕೆಗೆ ಯಾವ ಕೋಡ್ ಅಂತ ನಂಬರ್ ಹಾಕಿ ಜೋಡಿಸಿದ ಪಟ್ಟಿಯೂ ಇತ್ತು. ಆ ಪಟ್ಟಿಯ ಬಗ್ಗೆ ನನಗೆ ಬಲು ಜಂಬ.

ಒಂದಿನ ಸಾವ್ಕಾರರು, "ಕಂಪ್ಯೂಟರ್‌ನಾಗೆ ಕೆಲವು ಚೀಲದ ಮುಂದೆ ಕೆಂಪು ಗುರುತು ಬರ್ತೈತಲ್ರಿ, ಯಾರು ಕೇಳಿದ್ರು ಇದನ್ನ?" ಅಂದರು. ಅದರ ಕೋಡಿನ ಮೇಲೆ ಹದಿನಾಲ್ಕು ಅಂತಿತ್ತು. ಪಟ್ಟಿಯಲ್ಲಿ ಹದಿನಾಲ್ಕನೇ ಬೇಡಿಕೆ: 'ಬಿಲ್ಲಿನ ಅಕ್ಷರ ದೊಡ್ಡದಿರಲಿ.' ಕೆಂಪು ಗುರುತಿಗೂ ಅದಕ್ಕೂ ಸಂಬಂಧವೇ ಇಲ್ಲ.

"ಯಾರೂ ಕೇಳಿಲ್ಲ ಸಾವ್ಕಾರ್ರೆ" ಅಂತ ಅಲ್ಲೇ ತೆಗೆದುಹಾಕಿದೆ.

ಎರಡು ದಿನಕ್ಕೆ ಸಾವ್ಕಾರರ ಹರಿಹರದ ಗೋದಾಮು ನೋಡಿಕೊಳ್ಳುವ ಗಂಗಮ್ಮನವರ ಫೋನ್ ಬಂತು. "ಹಸಿ ಚೀಲಕ್ಕೆ ಕೆಂಪು ಬರ್ತಿತ್ತು, ಈಗ್ಯಾಕ ಬರವಲ್ದು? ಹಮಾಲರು ಹಸೀವನ್ನೂ ಒಳಗ ಒಟ್ಟಿಬಿಟ್ಟಾರೆ. ಬೂಷ್ಟು ಹಿಡಿದ್ರೆ ಮಾಲೆಲ್ಲಾ ಹೋಗ್ತೈತೆ."

ಕೇಳಿದವರು ಅವರೇ. ಆಮೇಲೆ ನಾನೇ ಪಟ್ಟಿಯ ನಡುವೆ ಒಂದು ಸಾಲು ಸೇರಿಸಿದ್ದೆ. ಅವರ ಬೇಡಿಕೆ ಹದಿನೈದಕ್ಕೆ ಇಳಿದಿತ್ತು, ಕೋಡಿನ ಮೇಲಿನ ನಂಬರ್ ಬದಲಿಸಲು ಮರೆತಿದ್ದೆ.

ಹರಿಹರಕ್ಕೆ ಓಡಿಹೋಗಿ ತಪ್ಪೊಪ್ಪಿಕೊಂಡೆ. "ಚೀಲ ಬದಲಿಸಿದ್ರೆ ಅದರ ಚೀಟಿನೂ ಬದಲಿಸ್ತೀವಿ ನಾವು" ಅಂದ ಗಂಗಮ್ಮ, ಹಮಾಲರ ಜೊತೆ ಚೀಲ ಇಳಿಸಲು ನನ್ನನ್ನೂ ನಿಲ್ಲಿಸಿದರು.

ಹಸಿ ಚೀಲ ಅಷ್ಟು ಭಾರ ಇರುತ್ತೆ ಅನ್ನೋದು ನನ್ನ ಪಟ್ಟಿಯ ಯಾವ ಸಾಲಿನಲ್ಲೂ ಇರಲಿಲ್ಲ.