ಸ್ಕ್ಯಾನಿನಲ್ಲಿ ಕಾಣದ್ದನ್ನು ಕೇಳುವ ಯಮನೂರಮ್ಮ

ಬೆಳಗಿನ ಐದೂವರೆ. ವಳಕಮದಿನ್ನಿಯ ಕಾಲುವೆ ದಂಡೆಯ ಮೇಲೆ ಟಂಟಂ ಗಾಡಿ ಗುರುಗುಡುತ್ತ ನಿಂತಿದೆ. ನೆಲ್ಲಿನ ಸಸಿ ಹಚ್ಚಲು ದಢೇಸುಗೂರಿನ ಕಡೆ ಹೊರಟ ಹೆಂಗಸರು ಬುತ್ತಿಗಂಟು ಹಿಡಿದು ಏರುತ್ತಿದ್ದಾರೆ. ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಯಮನೂರಮ್ಮ ಅವರಿಗೆ ಅಡ್ಡ ನಿಂತು ಒಬ್ಬೊಬ್ಬರನ್ನೇ ಕೇಳುತ್ತಾರೆ: "ನಿದ್ದಿ ಆತೇನವ್ವ? ಎಷ್ಟೊತ್ತಿಗೆ ಮಲಗಿದಿ?"

ಮೇಸ್ತ್ರಿ ಹೊನ್ನೂರಪ್ಪನಿಗೆ ತಡೆಯಲಾಗದು. "ಬಿಡಬೇ ಯಕ್ಕಾ, ಹೊತ್ತಾತು. ಇವರ ನಿದ್ದಿ ಕಟ್ಕೊಂಡು ನಿನಗೇನು?"

"ಹೋದ ವರ್ಷ ಯಾರೂ ಕೇಳ್ಲಿಲ್ಲ. ಏನಾತು ಅಂತ ನೀನ ಹೇಳು ನೋಡೋಣು!" ಯಮನೂರಮ್ಮನ ದನಿ ಕಾಲುವೆಯ ಆಚೆ ದಂಡೆಗೂ ಕೇಳುವಂತಿದೆ. ಮೇಸ್ತ್ರಿ ಗಾಡಿ ಹತ್ತುತ್ತಾನೆ.

ನಲವತ್ತಾರರ ಯಮನೂರಮ್ಮ ಎಂಟನೇ ತರಗತಿಗೆ ಶಾಲೆ ಬಿಟ್ಟವರು. ಹದಿನೇಳು ವರ್ಷದಿಂದ ಆಶಾ ಕೆಲಸ. ಇನ್ನೂರಾ ಹತ್ತು ಮನೆ, ದಿನಕ್ಕೆ ಮೂವತ್ತು ಬಾಗಿಲು, ಎಲ್ಲವೂ ಕಾಲ್ನಡಿಗೆ. ಗರ್ಭಿಣಿಯರ ಸೂಜಿ, ಕೂಸುಗಳ ತೂಕ, ಟಿಬಿಯವರ ಗುಳಿಗೆ, ಎಲ್ಲ ಅವರ ತಲೆಯ ಮೇಲೆ. ಸಂಬಳವೆಂದು ಕರೆಯಲು ನಾಚಿಕೆಯಾಗುವ ಗೌರವಧನ. ಅವರ ಸಿಟ್ಟು ಮಾತ್ರ ಅದಕ್ಕಲ್ಲ.

ಸಿಟ್ಟು ಭಾಗ್ಯಶ್ರೀಗೆ ಆದದ್ದರ ಮೇಲೆ. ಇಪ್ಪತ್ತಾರರ ಈಕೆ ಅದೇ ಊರಿನ ಕನಕಮ್ಮ ಮತ್ತು ಆದಪ್ಪ ದಂಪತಿಯ ಸೊಸೆ, ನಾಲ್ಕು ವರ್ಷದ ಹೆಣ್ಣುಮಗಳ ತಾಯಿ. ಹೋದ ವರ್ಷದ ನಾಟಿಯಲ್ಲಿ ಒಂದು ತಿಂಗಳು ಇಬ್ಬರ ಪಾಲಿನ ಸಸಿಯನ್ನು ಒಬ್ಬಳೇ ಹಚ್ಚಿದಳು. ಗದ್ದೆಯಲ್ಲಿ ಹಾಡು, ಮನೆಯಲ್ಲಿ ಎಡಬಿಡದ ಮಾತು, ತಡೆದರೆ ಜಗಳ. ಮೇಸ್ತ್ರಿ ಸಾಲಿನ ಮುಂದೆ ನಿಲ್ಲಿಸಿಕೊಂಡ. ಗಟ್ಟಿಗಿತ್ತಿ ಎಂದು ಊರೇ ಹೊಗಳಿತು.

"ನಾನೂ ಹೊಗಳಿದೆ ರೀ! 'ಭಾಗ್ಯಾನ್ನ ನೋಡಿ ಕಲೀರಿ' ಅಂತ ಸಂಘದಾಗ ಎದ್ದು ನಿಂತು ಅಂದೆ. ನನ್ನ ಬಾಯಾಗ ಮಣ್ಣು ಹಾಕ," ಎಂದು ಯಮನೂರಮ್ಮ ತಮ್ಮ ಕೆನ್ನೆಗೆ ತಾವೇ ತಟ್ಟಿಕೊಳ್ಳುತ್ತಾರೆ.

ನಾಟಿ ಮುಗಿದ ಮೇಲೆ ಭಾಗ್ಯಶ್ರೀ ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಮಗಳು ಬಂದು ಸೆರಗು ಎಳೆದರೂ ತಿರುಗಲಿಲ್ಲ. ಒಬ್ಬ ವೈದ್ಯರು ಖಿನ್ನತೆಯ ಗುಳಿಗೆ ಕೊಟ್ಟರು. ಹಿಂದಿನ ತಿಂಗಳ ಹುರುಪನ್ನು ಅವರು ಕೇಳಲೂ ಇಲ್ಲ, ಮನೆಯವರು ಹೇಳಲೂ ಇಲ್ಲ. ಗುಳಿಗೆ ಶುರುವಾದ ಕೆಲವೇ ವಾರಗಳಲ್ಲಿ ನಿದ್ದೆ ಪೂರಾ ಹಾರಿತು. ಒಂದು ಮಧ್ಯಾಹ್ನ ಅವಳು ಎದೆಮಟ್ಟ ಕಾಲುವೆ ನೀರಲ್ಲಿ ನಿಂತು ಕೂಗುತ್ತಿದ್ದಳು. ನಾಲ್ಕು ಜನ ಸೇರಿ ಎಳೆದು ತಂದರು.

ಆಗ ಬಂದ ಮಸ್ಕಿಯ ಸ್ಕ್ಯಾನ್ ಸೆಂಟರಿನ ಒಬ್ಬ ಏಜೆಂಟ. "ಮೆದುಳಿನ ಫೋಟೋ ತೆಗಿಸ್ರಿ, ಯಾವ ಜಡ್ಡು ಅಂತ ಹೆಸರು ಸಮೇತ ಬರ್ತೈತಿ" ಎಂದ. ಕನಕಮ್ಮನ ಬೆಂಡೋಲೆ ಹೋಯಿತು, ಸ್ಕ್ಯಾನ್ ಆಯಿತು. ವರದಿಯಲ್ಲಿ ಬರೆದಿತ್ತು: ಏನೂ ದೋಷವಿಲ್ಲ. ಅಷ್ಟೇ ಸಾಕಾಯಿತು ಮಾವ ಆದಪ್ಪನಿಗೆ.

"ಮಿಷಿನ್ನ ಹೇಳೈತಿ, ಏನೂ ಇಲ್ಲ ಅಂತ. ಎಲ್ಲಾ ನಾಟಕ. ಲಿಂಗಸುಗೂರಿಗೆ ತವರಿಗೆ ಕಳಸ್ತೀನಿ. ಮೊಮ್ಮಗಳು ಇಲ್ಲೇ ಇರ್ಲಿ," ಎಂದು ದಿನ ಗೊತ್ತುಮಾಡಿಯೇ ಬಿಟ್ಟ. ತಾಯಿಯಿಂದ ಕೂಸನ್ನು ಕೀಳುವುದಕ್ಕೆ ಒಂದು ಕಾಗದ ಸಿಕ್ಕಿತ್ತು, ಅಷ್ಟೆ. ಏಜೆಂಟ ಆ ಹೊತ್ತಿಗೆ ಇನ್ನೊಂದು ಊರಿನಲ್ಲಿದ್ದ.

ಸಿಂಧನೂರಿಗೆ ವಾರಕ್ಕೊಮ್ಮೆ ಬರುವ ಮನೋವೈದ್ಯೆ ರಾಜಶ್ರೀ ಅವರದೂ ಅದೇ ಸಿಟ್ಟು, ದನಿ ಮಾತ್ರ ಮೆಲ್ಲಗೆ. "ಬರೀ ಖಿನ್ನತೆ ಇರುವ ನೂರಾರು ಜನರ ಮೆದುಳನ್ನೂ, ಖಿನ್ನತೆ ಮತ್ತು ಅತಿ ಹುರುಪು ಎರಡೂ ಬಂದುಹೋಗುವ ಬೈಪೋಲಾರ್‌ನ ನೂರಾರು ಜನರ ಮೆದುಳನ್ನೂ ಹೋಲಿಸಿದಾಗ, ಭಾವನೆಗಳನ್ನು ಹಿಡಿತದಲ್ಲಿಡುವ ಜಾಗಗಳಲ್ಲಿ ಸಣ್ಣ ವ್ಯತ್ಯಾಸ ಸಂಶೋಧಕರಿಗೆ ಕಂಡಿದೆ. ಆದರೆ ಅದು ಗುಂಪಿನ ಸರಾಸರಿ. ಒಬ್ಬಳ ಸ್ಕ್ಯಾನ್ ಹಿಡಿದು ಇವಳಿಗೆ ಇಂಥದ್ದೇ ಅನ್ನಲು ಇವತ್ತಿಗೂ ಆಗುವುದಿಲ್ಲ. ಸ್ಕ್ಯಾನ್ ಸರಿಯಿದೆ ಅಂದರೆ ಕಾಯಿಲೆ ಇಲ್ಲ ಅಂತಲೂ ಅಲ್ಲ. ನಮಗೆ ಬೇಕಾದದ್ದು ಮನೆಯವರ ನೆನಪು," ಎನ್ನುತ್ತಾರೆ.

ಆ ನೆನಪನ್ನು ಹೊರಗೆ ಎಳೆದವರು ಯಮನೂರಮ್ಮ. ತವರಿಗೆ ಕಳಿಸಲು ಎರಡು ದಿನ ಉಳಿದಿದ್ದಾಗ ಅತ್ತೆ ಸೊಸೆ ಇಬ್ಬರನ್ನೂ ಬಸ್ಸಿಗೆ ಹತ್ತಿಸಿ ಸಿಂಧನೂರಿಗೆ ಒಯ್ದರು. ಮೊದಲು ಹೇಗಿದ್ದಳು ಎಂದು ವೈದ್ಯೆ ಕೇಳಿದರೆ, ಕನಕಮ್ಮನಿಗೆ ಹೆಮ್ಮೆ. "ಭಾಳ ಆರಾಮಿದ್ಲು ರೀ. ನಾಟಿ ಹೊತ್ತಿನಾಗ ನಮ್ಮ ಸೊಸಿಯಂಥಾಕಿ ಊರಾಗ ಇರ್ಲಿಲ್ಲ."

ಯಮನೂರಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು. "ಆರಾಮ ಅಂದ್ರೇನು ಕನಕಮ್ಮಕ್ಕ? ನಿದ್ದಿ ಮಾಡ್ತಿದ್ಲೇನು? ಖರೇ ಹೇಳು!"

"ಎಲ್ಲಿ ನಿದ್ದಿ... ಒಂದೆರಡು ತಾಸು. ಎದ್ದು ಓಣಿಗೆಲ್ಲ ಆಗುವಷ್ಟು ರೊಟ್ಟಿ ಬಡೀತಿದ್ಲು. ಬ್ಯಾಡ ಅಂದ್ರ ಮೈಮ್ಯಾಲೆ ಬರ್ತಿದ್ಲು. ಅದೂ ಜಡ್ಡು ಏನ್ರೀ?" ಮುದುಕಿ ಅಲ್ಲೇ ಅಳತೊಡಗಿದಳು. ಭಾಗ್ಯಶ್ರೀ ಮೊದಲ ಸಲ ತಲೆ ಎತ್ತಿ ಅತ್ತೆಯನ್ನು ನೋಡಿದಳು. ವೈದ್ಯೆ ಇನ್ನೂ ಮುಕ್ಕಾಲು ಗಂಟೆ ಕೇಳಿದರು. ಬೈಪೋಲಾರ್ ಎಂದು ತಿಳಿಯಿತು. ಬರೀ ಖಿನ್ನತೆಯ ಗುಳಿಗೆ ಆ ಹುರುಪನ್ನು ಮತ್ತೆ ಕೆರಳಿಸಿರಬಹುದು ಎಂದು ಔಷಧಿ ಬದಲಾಯಿಸಿದರು.

ಆದಪ್ಪ ಸುಲಭಕ್ಕೆ ಬಗ್ಗಲಿಲ್ಲ. ಯಮನೂರಮ್ಮ ಅವನ ಕಟ್ಟೆಯ ಮೇಲೆ ಕೂತು, "ನಿನಗ ಸಕ್ಕರಿ ಕಾಯಿಲೆ ಐತಿ, ಫೋಟೋದಾಗ ಕಂಡಿತ್ತೇನು? ನಿನ್ನನ್ನ ಯಾವ ತವರಿಗೆ ಕಳಸ್ಬೇಕು?" ಎಂದು ಓಣಿಯ ಮಂದಿಯ ಮುಂದೆ ಕೇಳಿದರು. ಕನಕಮ್ಮ ಮೊಮ್ಮಗಳನ್ನು ಎತ್ತಿ ಸೊಸೆಯ ಮಡಿಲಿಗೆ ಹಾಕಿದಳು. ತವರಿನ ಮಾತು ಅಲ್ಲಿಗೆ ನಿಂತಿತು.

ಔಷಧಿ ಬದಲಾಗಿ ಈಗ ಹತ್ತು ತಿಂಗಳು. ಭಾಗ್ಯಶ್ರೀ ಮತ್ತೆ ಸಸಿ ಹಚ್ಚುತ್ತಾಳೆ, ಎಲ್ಲರಷ್ಟೇ. ಮಧ್ಯಾಹ್ನ ಬದುವಿನ ಮೇಲೆ ಕಾಲು ಚಾಚುತ್ತಾಳೆ, ಸಂಜೆ ಮಗಳ ಪಕ್ಕ ಒರಗಿದರೆ ಕಣ್ಣು ಹತ್ತುತ್ತದೆ. ಆದಪ್ಪನಿಗೆ ಇದೂ ಸರಿಬರುವುದಿಲ್ಲ. "ಮದ್ಲಿನಂಗ ಇಲ್ಲ, ಮೈಗಳ್ಳಿ ಆಗ್ಯಾಳ," ಎಂದು ಯಮನೂರಮ್ಮನ ಮುಂದೆಯೇ ಗೊಣಗುತ್ತಾನೆ.

"ಮೈಗಳ್ಳಿ ಅಲ್ಲೋ ಆದಪ್ಪಣ್ಣ, ದಣದಾಳ," ಎನ್ನುತ್ತಾರೆ ಯಮನೂರಮ್ಮ. "ಮನಷ್ಯಾರು ದಣೀತಾರ. ಆಕಿ ದಣಿಯೋದು ನೋಡಾಕ ನಾ ಒಂದು ವರ್ಷ ಕಾದೀನಿ."